ಅಮರಮ್ಮ ಟೀಚರ ಡೀಸೆಲ್ ಎಮ್ಮಿ

ಸಿಂಧನೂರಿನ ಆ ಓಣಿಯಲ್ಲಿ ಬೆಳಗಿನ ಹೊತ್ತು ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಹಾಲಿನವರು, ಪೇಪರಿನವರು, ವಾಕಿಂಗ್ ಮುಗಿಸಿ ಬರುವ ಹಿರಿಯರು, ಎಲ್ಲರೂ "ಟೀಚರ್, ಚಾ ಆತೇನ್ರಿ?" ಎಂದು ಆ ಕಾಲುಗಳನ್ನೇ ಕೇಳಿ ಮುಂದೆ ಹೋಗುತ್ತಾರೆ. "ಆತ್ರಿ, ನಿಮ್ದು?" ಎಂದು ಕಾಲುಗಳೂ ಉತ್ತರ ಕೊಡುತ್ತವೆ.

ಸುಕನ್ಯಾ ಮಾತ್ರ ಮದುವೆಯಾಗಿ ಬಂದ ಮರುದಿನ ಆ ಕಾಲುಗಳನ್ನು ಕಂಡು ಕಿಟಾರನೆ ಕಿರುಚಿದ್ದಳು. ಮೈಸೂರಿನಲ್ಲೇ ಹುಟ್ಟಿ ಓದಿದವಳಿಗೆ ಕಾರಿನಡಿ ಕಾಲು ಎಂದರೆ ಅಪಘಾತವೇ. ಗಂಡ ದುರುಗೇಶ ನಕ್ಕು ನಕ್ಕು ಸುಸ್ತಾಗಿ, "ಆಕಿ ನಮ್ಮ ದೊಡ್ಡವ್ವ. ಗಾಡಿಗೆ ಎಣ್ಣಿ ಹಚ್ಚಾಕತ್ತಾಳ. ತನ್ನ ತಲಿಗೆ ಹಚ್ಕೊಳ್ಳಾಕ ಆಕಿಗೆ ಪುರಸತ್ತಿಲ್ಲ" ಅಂದಿದ್ದ.

ಅಮರಮ್ಮ ದುರುಗೇಶನ ತಾಯಿಯ ಅಕ್ಕ, ಹಾಗಾಗಿ ಸುಕನ್ಯಾಳಿಗೆ ದೊಡ್ಡತ್ತೆ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ದಿನಾ ಬೆಳಗ್ಗೆ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರು, ಸಂಜೆ ಅದೇ ದಾರಿಯಲ್ಲಿ ವಾಪಸು. ಹದಿನೈದು ವರ್ಷಗಳಿಂದ ಒಂದೇ ಕಾರು. ಕಪ್ಪು ಬಣ್ಣದ್ದು. ರಾಯಚೂರು ಸೀಮೆಯ ಬಿಸಿಲಿಗೆ ಕಪ್ಪು ಕಾರು ಯಾರಿಗೆ ಬೇಕು ಎಂದು ಶೋರೂಮಿನ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದನ್ನು ಚೌಕಾಸಿ ಮಾಡಿ ತಂದಿದ್ದರು. ತಂದ ದಿನವೇ ಅದಕ್ಕೆ 'ಎಮ್ಮಿ' ಎಂದು ಹೆಸರಾಯಿತು. "ಎಮ್ಮಿ ಓಡಂಗಿಲ್ಲ ಖರೆ, ಆದ್ರ ಎಮ್ಮಿ ಹಾಲು ಗಟ್ಟಿ" ಎಂದು ಅಮರಮ್ಮ ಸಮರ್ಥಿಸಿಕೊಂಡಿದ್ದರು.

ವ್ಯಾಕರಣದ ಸಮರ್ಥನೆಯೂ ಇತ್ತು. "ಹಿಂದಿಯೊಳಗ ಗಾಡಿ ಸ್ತ್ರೀಲಿಂಗ, ಇಂಜನ್ ಪುಲ್ಲಿಂಗ. ಅದಕ್ಕ ಅವ ಬರೇ ಒದರತಾನ, ಈಕಿ ಸುಮ್ನ ಎಲ್ಲಾರ್ನೂ ಹೊತ್ಕೊಂಡು ಹೋಗತಾಳ." ಇದನ್ನು ಅವರು ಪ್ರತಿ ವರ್ಷ ಎಂಟನೇ ತರಗತಿಯಲ್ಲೂ ಹೇಳುತ್ತಿದ್ದರಂತೆ. ಆ ಎರಡು ಶಬ್ದಗಳ ಲಿಂಗವನ್ನು ಅವರ ಶಾಲೆಯ ಯಾವ ಮಕ್ಕಳೂ ತಪ್ಪಿದ್ದಿಲ್ಲ.

ಗಾಡಿಯ ಹುಚ್ಚು ಅವರಿಗೆ ಬಂದದ್ದು ಅಪ್ಪನಿಂದ. ಅಪ್ಪ ನರಸಣ್ಣ ಕಾಲುವೆ ಇಲಾಖೆಯ ಜೀಪಿನ ಡ್ರೈವರು. ಬೇರೆ ಮನೆಯ ಹುಡುಗಿಯರು ಕುಂಟಬಿಲ್ಲೆ ಆಡುವಾಗ ಅಮರಮ್ಮ ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತಿದ್ದರು. "ಗಾಡಿ ತಾನ ಕೆಡಂಗಿಲ್ಲ, ಕೆಡಸ್ತಾರ" ಎನ್ನುವುದು ನರಸಣ್ಣನ ಮಾತು. ಮಗಳು ಓದಿ ನೌಕರಿ ಹಿಡಿದಾಗ ಊರೆಲ್ಲ ಬಂಗಾರ ಮಾಡಿಸು ಎಂದರೆ, ನರಸಣ್ಣ, "ಬಂಗಾರ ಕೊಳ್ಳಾಗ ಇರತೈತಿ, ಗಾಡಿ ಕಾಲಾಗ ಇರತೈತಿ. ಕಾಲು ಗಟ್ಟಿ ಮಾಡ್ಕೋ" ಅಂದಿದ್ದನಂತೆ.

ಗಟ್ಟಿ ಮಾಡುವುದು ಎಂದರೆ ಅಮರಮ್ಮನ ಪ್ರಕಾರ ಕಂಪನಿಯವರನ್ನು ಪೂರ್ತಿ ನಂಬದಿರುವುದು. ಅವರು ಇಂಜಿನ್ ಎಣ್ಣೆ ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಿ ಎಂದರೆ ಇವರು ಐದಕ್ಕೇ ಬದಲಿಸುವರು. ಬಂಕಿನ ಡೀಸೆಲ್‌ನಲ್ಲಿ ನೀರು ಸೇರಿದ್ದರೆ ಎಂದು ಟ್ರ್ಯಾಕ್ಟರಿಗೆ ಹಾಕುವ ಗಾಜಿನ ಬಟ್ಟಲಿನ ಫಿಲ್ಟರೊಂದನ್ನು ಹೆಚ್ಚಿಗೆ ಕೂಡಿಸಿದ್ದರು. ಅದರ ತಳದಲ್ಲಿ ನಿಂತ ನೀರನ್ನು ಆಗಾಗ ತೆಗೆದು, ಬಂದವರಿಗೆಲ್ಲ ತೋರಿಸುವರು. ಮಸ್ಕಿಯ ಕಡೆ ರೈತರು ತೊಗರಿಯನ್ನು ಡಾಂಬರು ರಸ್ತೆಗೇ ಹಾಸಿ ಗಾಡಿಗಳಿಂದ ತುಳಿಸುತ್ತಾರಲ್ಲ, ಆ ಕಟ್ಟಿಗೆ ಹೊಟ್ಟು ಇಂಜಿನ್ನಿಗೆ ಸಿಕ್ಕಿಕೊಳ್ಳದಿರಲಿ ಎಂದು ಹೊಟ್ಟೆಯಡಿಗೆ ಒಂದು ತಗಡು ಹೊಡೆಸಿದ್ದರು. ಗಾಲಿಯ ಗಾಳಿ ಭಾನುವಾರ ಭಾನುವಾರ ತಾವೇ ನೋಡುವರು. ಎಸಿ ಇತ್ತು, ಆದರೆ ಮಸ್ಕಿಯ ಗುಡ್ಡ ಕಾಣುವತನಕ ಹಾಕುವಂತಿಲ್ಲ, ಗುಡ್ಡ ಕಂಡಮೇಲೆ, "ಇನ್ನೇನು ಲಿಂಗಸುಗೂರು ಬಂದ ಬಿಡ್ತು, ಯಾಕ ಬೇಕು?" ಸ್ಪೀಡು ಅರವತ್ತು. ಅರವತ್ತೊಂದಾದರೆ ಅಮರಮ್ಮನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ನಿಲ್ಲಿಸುವ ವಿಧಿ. ಊರು ಮುಟ್ಟಿದ ಕೂಡಲೇ ಚಾವಿ ತಿರುಗಿಸುವಂತಿಲ್ಲ. ಇಂಜಿನ್ ಗುರುಗುಡುತ್ತಿರಬೇಕು, ಅಮರಮ್ಮ ಸ್ಟೇರಿಂಗ್ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ ಬುದ್ಧಂ ಸರಣಂ ಗಚ್ಛಾಮಿ, ಧಮ್ಮಂ ಸರಣಂ ಗಚ್ಛಾಮಿ, ಸಂಘಂ ಸರಣಂ ಗಚ್ಛಾಮಿ ಎಂದು ಮೂರು ಸಲ ಮುಗಿಸಬೇಕು. "ಓಡಿ ಬಂದವ್ರು ಕುಂತು ದಮ್ಮು ತಗೊಳ್ಳಂಗಿಲ್ಲೇನು? ಇಂಜಿನ್ನಿಗೆ ಗಾಳಿ ಊದೋ ಇದರ ಟರ್ಬೋನೂ ಹಂಗ. ಕಾದಿರತೈತಿ. ಉಸಿರು ಬಿಡಾಕ ಬಿಡ್ರಿ." ಹಿಂದಿನ ಸೀಟಿನಿಂದ ಅಲ್ಲಾಭಕ್ಷ್ "ಆಮೀನ್" ಎನ್ನುತ್ತಿದ್ದರು. ಆಗ ಚಾವಿ ತಿರುಗುತ್ತಿತ್ತು.

ಅಲ್ಲಾಭಕ್ಷ್ ಲಿಂಗಸುಗೂರಿನ ಕೋರ್ಟಿನಲ್ಲಿ ಗುಮಾಸ್ತರು, ದಿನಾ ಎಮ್ಮಿಯಲ್ಲೇ ಹೋಗಿಬರುವ ಹಳೆಯ ಪ್ರಯಾಣಿಕರು. ಸುಕನ್ಯಾ ಅಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಅವಳೂ, ಒಂದೂವರೆ ವರ್ಷದ ಮಗಳು ಇಂಚರಾಳೂ ಸೇರಿಕೊಂಡರು. ಮಗುವನ್ನು ನಡುವೆ ಮಸ್ಕಿಯಲ್ಲಿ ನಾದಿನಿ ಮಹೇಶ್ವರಿಯ ಮನೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುವ ಏರ್ಪಾಡು.

ಮೊದಮೊದಲು ಸುಕನ್ಯಾಳ ಜೀವ ಕೈಯಲ್ಲಿರುತ್ತಿತ್ತು. ಇಷ್ಟು ಹಳೆಯ ಕಾರು, ಬ್ರೇಕು ಹಿಡಿಯುತ್ತದೋ ಇಲ್ಲವೋ. ಡೀಸೆಲ್ ವಾಸನೆ ಮಗುವಿನ ಎದೆಗೆ ಆಗುತ್ತದೋ ಏನೋ. ಅವಳ ಚೀಲದಲ್ಲಿ ಥರ್ಮಾಮೀಟರು, ಓಆರ್‌ಎಸ್ಸು, ಎರಡು ಬಗೆಯ ಮುಲಾಮು, ಬಿಸಿನೀರಿನ ಫ್ಲಾಸ್ಕು. ಅಲ್ಲಾಭಕ್ಷ್ ಅದನ್ನು ನೋಡಿ, "ಅಮ್ಮಾ, ನಾವು ಹಜ್‌ಗೆ ಹೊಂಟಿಲ್ಲ, ಲಿಂಗಸುಗೂರಿಗೆ ಹೊಂಟೀವಿ" ಎಂದು ಕಾಡಿಸುತ್ತಿದ್ದರು. ಆದರೆ ಎಮ್ಮಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಇಂಚರಾ ಎಮ್ಮಿಯಲ್ಲಿ ಕೂತೊಡನೆ ನಿದ್ದೆ ಹೋಗುವಳು. ಮಾತು ಬರತೊಡಗಿದಾಗ ಮಗು ಕಾರಿಗೆ ಇಟ್ಟ ಹೆಸರು 'ಗಚ್ಚಾ'. ಬೀದಿಯಲ್ಲಿ ಯಾವ ಕಾರು ಕಂಡರೂ "ಅಮ್ಮ, ಗಚ್ಚಾ!"

ಆ ಚಳಿಗಾಲಕ್ಕೆ ಗಚ್ಚಾಳಿಗೆ ಹದಿನೈದು ತುಂಬಿತು. ನೋಂದಣಿಯ ಅವಧಿ ಮುಗಿಯುತ್ತ ಬಂತು. ಆರ್‌ಟಿಒ ಇನ್‌ಸ್ಪೆಕ್ಟರು ಗಾಡಿ ನೋಡಿ ಸೈ ಅಂದರೆ ಇನ್ನೈದು ವರ್ಷ, ಇಲ್ಲವೆಂದರೆ ರಸ್ತೆಗಿಳಿಯುವಂತಿಲ್ಲ. ಅಮರಮ್ಮನ ನಿವೃತ್ತಿಗೂ ಉಳಿದಿದ್ದದ್ದು ಐದೇ ವರ್ಷ. "ನಾವಿಬ್ಬರೂ ಕೂಡೇ ರಿಟೈರ್ ಆಗೋರು" ಎಂದು ಅವರು ಹೇಳಿಕೊಂಡು ತಿರುಗುತ್ತಿದ್ದರು.

ಅವರ ಗಂಡ ನಿಂಗರಾಜ ವಿಮೆ ಮಾಡಿಸುವ ಏಜೆಂಟರು. "ಈಕಿ ಜೀವ ಗಾಡಿಯೊಳಗ ಐತಿ. ಯಾವ ಪಾಲಿಸಿ ಹಾಕಲಿ?" ಎನ್ನುತ್ತಿದ್ದವರು ಈ ಸಲ ಸುಮ್ಮನಿರಲಿಲ್ಲ. "ಸಾಕು, ಮಾರಿ ಹೊಸಾದು ತಗೋ. ಮೈತುಂಬ ಎಣ್ಣಿ ಮಾಡ್ಕೊಂಡು ಎಷ್ಟು ದಿನ ಗಾಡಿ ಬುಡಕ ಮಲಗತಿ?" ಮಾತಿಗೆ ಮಾತು ಬೆಳೆದು, ಅಮರಮ್ಮ ಎಲ್ಲರೆದುರು ಆಡಿಬಿಟ್ಟರು: "ಇನ್‌ಸ್ಪೆಕ್ಟರ್ ಒಲ್ಲೆ ಅಂದ್ರ ಮರುದಿನ ನಾನ ಗುಜರಿಗೆ ಹಾಕಿ ಬರತೀನಿ. ಎರಡನೇ ಸಲ ಕೇಳಂಗಿಲ್ಲ."

ಆಡಿದ ಮಾತನ್ನು ಅಮರಮ್ಮ ನುಂಗುವವರಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅಂದು ಸುಕನ್ಯಾಳಿಗೆ ಊಟ ಸೇರಲಿಲ್ಲ.

ಅರ್ಜಿ ಹಾಕಿಕೊಟ್ಟವನು ಸಂಗನಬಸವ ಎಂಬ ಆರ್‌ಟಿಒ ಏಜೆಂಟು. ಒಂದು ಸಂಜೆ ಅವನ ಫೋನು ಬಂದಾಗ ಅಮರಮ್ಮ ಕಾರಿನಡಿಯಲ್ಲಿದ್ದರು. ಮಗುವಿನ ಬಟ್ಟೆಗಳನ್ನು ಮೂರನೇ ಸಲ ಎಣಿಸುತ್ತ ಕೂತಿದ್ದ ಸುಕನ್ಯಾ ಫೋನೆತ್ತಿದಳು. ತಾಯಿ ಮೈಸೂರಿನಿಂದ ಕಳಿಸಿದ್ದ ಮೆತ್ತನೆಯ ಮಲ್‌ಮಲ್ ಬಟ್ಟೆಯೊಂದು, ಅಂಚಿನಲ್ಲಿ ಹಳದಿ ಬಾತುಕೋಳಿಗಳಿದ್ದದ್ದು, ಸುಗ್ಗಿ ಶುರುವಾದಾಗಿನಿಂದ ಕಾಣೆಯಾಗಿತ್ತು. ಹುಡುಕಿ ಹುಡುಕಿ ಅವಳ ತಲೆ ಕೆಟ್ಟಿತ್ತು.

"ದೊಡ್ಡತ್ತೆ, ನಾಳೆ ಕ್ಯಾಂಪಂತೆ. ಹನ್ನೆರಡರೊಳಗೆ ಗಾಡಿ ಅಲ್ಲಿರಬೇಕಂತೆ. ಇದು ಬಿಟ್ಟರೆ ಇನ್ನು ಮುಂದಿನ ತಿಂಗಳೇ ಅಂತೆ."

"ಕ್ಯಾಂಪಿನಾಗ? ಛಲೋ ಆತು ಬಿಡು" ಎಂದವು ಕಾಲುಗಳು. "ಅಲ್ಲಿ ದೊಡ್ಡ ಬಯಲೈತಿ."

ಮರುದಿನ ಎಮ್ಮಿ ಮಿಂದು, ಹಣೆಗೆ ಸೇವಂತಿಗೆ ಮುಡಿದು ಹೊರಟಿತು. ಎಲ್ಲರೂ ಅರ್ಧ ದಿನದ ರಜೆ ಹಾಕಿದ್ದರು. ಊರು ದಾಟಿ ಕಾಲುವೆಯ ಪಕ್ಕದ ರಸ್ತೆ ಹಿಡಿದಾಗ ಎರಡೂ ಕಡೆ ಕೊಯ್ದ ನೆಲ್ಲಿನ ಗದ್ದೆ, ಗಾಳಿಯಲ್ಲೆಲ್ಲ ಹೊಟ್ಟು. ಇದು ಮಸ್ಕಿಯ ದಾರಿಯಲ್ಲವಲ್ಲ ಎಂದು ಸುಕನ್ಯಾಳಿಗೆ ಅನ್ನಿಸಿತು. ಆದರೆ ಅವಳಿಗೆ ದಿನಕ್ಕೆ ನೂರು ಸಂಶಯ ಬರುತ್ತಿದ್ದವು, ನೂರಕ್ಕೂ ನಗೆಗೀಡಾಗಿದ್ದಳು. ನೂರಾ ಒಂದನೆಯದನ್ನು ನುಂಗಿಕೊಂಡಳು.

ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪ್ ಎಂಬ ಊರಿನಲ್ಲಿ ಬಯಲೇನೋ ಇತ್ತು. ಇನ್‌ಸ್ಪೆಕ್ಟರು ಇರಲಿಲ್ಲ. ಮೀನಿನ ಬುಟ್ಟಿ ಇಳಿಸುತ್ತಿದ್ದ ಆನಂದಕುಮಾರ ಎದ್ದು ಬಂದ. ಅವನ ಅಜ್ಜ ಬಂಗಾಳದಿಂದ ಬಂದವನು, ಇವನು ಸಿಂಧನೂರಿನವನೇ. ಅಮರಮ್ಮನ ಮನೆಗೆ ಬಂದು ಹಿಂದಿ ಕಲಿತವನು, ಈಗ ಅವರಿಗೆ ಮೀನು ಕೊಡುವವನು.

"ಟೀಚರ್, ಇವತ್ತು ವಾರದ ನಡಕ ಬಂದೀರಲ್ರೀ? ರೋಹು ಈಗ ಬಂದೈತಿ, ಜಿಗದಾಡಾಕತ್ತೈತಿ."

"ಮೀನು ಬ್ಯಾಡಪಾ. ಇನ್‌ಸ್ಪೆಕ್ಟರ್ ಎಲ್ಲಿ?"

"ಇನ್‌ಸ್ಪೆಕ್ಟರಾ? ಯಾಕ್ರಿ, ಯಾರ ಏನ ಮಾಡ್ಯಾರ?"

"ಗಾಡಿ ನೋಡೋ ಇನ್‌ಸ್ಪೆಕ್ಟರಲೇ. ಕ್ಯಾಂಪಿಗೆ ಬಾ ಅಂತ ಫೋನು ಬಂದಿತ್ತು."

ಆನಂದಕುಮಾರ ಮೀನಿನ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದ. "ಟೀಚರ್, ಆರ್‌ಟಿಒ ಸಾಹೇಬ್ರು ಊರೂರಿಗೆ ಬಂದು ಕೂಡೋದಕ್ಕೂ ಕ್ಯಾಂಪ್ ಅಂತಾರ್ರಿ. ನನ್ನ ಟೆಂಪೋ ಹೋದ ಸಲ ತೋರಿಸೀನಿ. ಅದು ಲಿಂಗಸುಗೂರಾಗ."

ಸಿಂಧನೂರಿನವರಿಗೆ ಕ್ಯಾಂಪ್ ಎಂದರೆ ಮನೆ, ಗದ್ದೆ, ಮೀನು ಇರುವ ಊರು. ಸರಕಾರಕ್ಕೆ ಕ್ಯಾಂಪ್ ಎಂದರೆ ಒಂದು ಮೇಜು, ಎರಡು ಕುರ್ಚಿ. ಅಲ್ಲಾಭಕ್ಷ್ ಹಣೆ ಒತ್ತಿಕೊಂಡು, "ಟೀಚರಮ್ಮಾ, ಹಿಂದಿಯೊಳಗ ಕ್ಯಾಂಪ್ ಯಾವ ಲಿಂಗರೀ?" ಎಂದರು.

"ಸುಮ್ನ ಕುಂದರ್ರಿ ನೀವು!" ಎಂದು ಅಮರಮ್ಮ ಗಾಡಿ ತಿರುಗಿಸಿದರು. ಸುಕನ್ಯಾ ಅಳುವುದೊಂದೇ ಬಾಕಿ. "ನಂದೇ ತಪ್ಪು ದೊಡ್ಡತ್ತೆ. ಯಾವ ಕ್ಯಾಂಪು ಅಂತ ಕೇಳಬೇಕಿತ್ತು."

"ನೀ ಕೇಳೀದ್ರೂ ನಾನ ಇದ ಕ್ಯಾಂಪು ಅಂತಿದ್ದೆ, ತಂಗಿ. ಕೂಸಿನ್ನ ಹಿಡ್ಕೋ."

ಗಡಿಯಾರದ ಮುಳ್ಳು ಹನ್ನೊಂದರತ್ತ ಸರಿದಿತ್ತು. ಸಿಂಧನೂರು ದಾಟಿ, ಮಸ್ಕಿ ದಾಟಿ, ಲಿಂಗಸುಗೂರು. ಸ್ಪೀಡಿನ ಮುಳ್ಳು ಮಾತ್ರ ಅರವತ್ತಕ್ಕೆ ಅಂಟಿಕೊಂಡಿತ್ತು. ಮಗು ಹುಟ್ಟಿದಾಗಿನಿಂದ ನಲವತ್ತು ದಾಟಿದರೆ ಕಣ್ಣುಮುಚ್ಚುತ್ತಿದ್ದ ಸುಕನ್ಯಾ ತನ್ನ ಬಾಯಿಂದಲೇ ಈ ಮಾತು ಬಂದದ್ದನ್ನು ಕೇಳಿ ಬೆರಗಾದಳು. "ದೊಡ್ಡತ್ತೆ, ಸ್ವಲ್ಪ ಜೋರಾಗಿ ಹೋಗಬಾರದೇ?"

"ನೋಡ್ರಿ ಟೀಚರಮ್ಮಾ" ಎಂದರು ಅಲ್ಲಾಭಕ್ಷ್, "ನಮ್ಮ ಸುಕನ್ಯಮ್ಮಗ ಧೈರ್ಯ ಬಂದದ. ಇನ್ನ ನಿಮಗ ಯಾವಾಗ? ಆ ಕುರಿ ಹಿಂಡು ನಮ್ಮನ್ನ ಓವರ್‌ಟೇಕ್ ಮಾಡತದ."

ಮಸ್ಕಿಯಲ್ಲಿ ಮಹೇಶ್ವರಿ ಮನೆಯ ಮುಂದೆಯೇ ನಿಂತಿದ್ದಳು. "ನಿಲ್ಲಿಸಬೇಡಿ" ಎಂದು ಸುಕನ್ಯಾ ಕಿಟಕಿಯಿಂದಲೇ ಕೈಬೀಸಿದಳು. ಊರು ದಾಟಿದ ಮೇಲೆ ಅಮರಮ್ಮ ಉಸಿರು ಬಿಗಿಹಿಡಿದು, ಹದಿನೈದು ವರ್ಷಗಳಲ್ಲಿ ಮೊದಲ ಸಲ, ಕಾಲು ಒತ್ತಿದರು.

ಎಮ್ಮಿ ಏಳಲಿಲ್ಲ. ಅರವತ್ತೈದಕ್ಕೆ ಹೊಟ್ಟೆ ಉಬ್ಬಿದಂತೆ ಗುಮುಗುಮು ಅಂದಿತು, ಅಷ್ಟೆ. ಹಿಂದೆ ತಿರುಗಿ ನೋಡಿದ ಸುಕನ್ಯಾಳಿಗೆ ಕಂಡದ್ದು ಮಸಿಯಂಥ ಕರಿ ಹೊಗೆ.

"ದೊಡ್ಡತ್ತೆ, ಹೊಗೆ!"

"ಒತ್ತಿ ಹೊಡದ್ರ ಬರತೈತಿ" ಎಂದರು ಅಮರಮ್ಮ. ಆದರೆ ಅವರ ಮುಖ ಇಳಿದಿತ್ತು. ಈಚೆಗೆ ಮೈಲೇಜೂ ಇಳಿದಿತ್ತು. ಅದಕ್ಕೆ ಅವರು ಅಲ್ಲಾಭಕ್ಷ್ ದಪ್ಪಗಾದದ್ದೇ ಕಾರಣವೆಂದು ತೀರ್ಮಾನಿಸಿ, ಅವರ ಬುತ್ತಿಯ ಬಿರ್ಯಾನಿಯ ಮೇಲೆ ಕಣ್ಣಿಟ್ಟಿದ್ದರು.

ಲಿಂಗಸುಗೂರಿನ ಬಯಲಿನಲ್ಲಿ ಸಾಲು ಕರಗಿತ್ತು. ಮೇಜು, ಕುರ್ಚಿ, ಟೋಪಿ ತೆಗೆದಿಟ್ಟುಕೊಂಡ ಇನ್‌ಸ್ಪೆಕ್ಟರು, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಸಂಗನಬಸವ. "ಎಲ್ಲಿ ಹೋಗಿದ್ರಿ ಟೀಚರ್? ಸಾಹೇಬ್ರನ್ನ ಎರಡು ಸಲ ಚಾ ಕುಡಿಸಿ ಹಿಡದೀನಿ!"

"ಕ್ಯಾಂಪಿಗೆ" ಎಂದರು ಅಲ್ಲಾಭಕ್ಷ್. ಅಮರಮ್ಮ ಅವರತ್ತ ದುರುಗುಟ್ಟಿ ನೋಡಿದರು.

ಇನ್‌ಸ್ಪೆಕ್ಟರು ಎಮ್ಮಿಯ ಸುತ್ತ ಬಂದರು. ನಂಬರು ನೋಡಿದರು, ದೀಪ ಹಾಕಿಸಿದರು, ಬ್ರೇಕು ಒತ್ತಿಸಿದರು. ಬಾಗಿ ಹೊಟ್ಟೆಯಡಿ ಇಣುಕಿದರು. "ಇದೇನ್ರೀ ಮೇಡಂ, ತಗಡು?"

"ರಸ್ತಿಗೆ ತೊಗರಿ ಹಾಸತಾರಲ್ರೀ, ಅದಕ್ಕ."

"ಹೌದಾ?" ಇನ್‌ಸ್ಪೆಕ್ಟರು ಇನ್ನಷ್ಟು ಬಾಗಿದರು. "ನನ್ನ ಜೀಪಿಗೆ ಹೋದ ವರ್ಷ ಕಟ್ಟಿಗಿ ಸಿಕ್ಕು ಎಂಥಾ ಫಜೀತಿ! ಎಲ್ಲಿ ಹೊಡಿಸೀರಿ?" ತಗಡು ಪಾಸಾಯಿತು. "ಎಷ್ಟು ಛಂದ ಇಟ್ಟೀರಿ ಗಾಡಿ" ಎಂದೂ ಅಂದರು. ಅಮರಮ್ಮನ ಎದೆ ಒಂದಂಗುಲ ಅಗಲವಾಯಿತು.

"ಒಂದೀಟು ರೇಸ್ ಮಾಡ್ರಿ."

ಅಮರಮ್ಮ ಆಕ್ಸಿಲರೇಟರ್ ಒತ್ತಿದರು. ಭುಸ್ಸೆಂದು ಕರಿ ಹೊಗೆ ಎದ್ದು ಸಂಗನಬಸವನ ಬಿಳಿ ಅಂಗಿಯ ಮೇಲೆ ಕೂತಿತು.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಇಂಜಿನ್ ಮುಗದೈತಿ ಅನಸ್ತೈತ್ರಿ ಮೇಡಂ. ಇದಕ್ಕ ಹೆಂಗ ಸೈ ಅನ್ನಲಿ?"

ಮುಂದಿನ ತಿಂಗಳು ಮತ್ತೆ ತರಬಹುದು ಎಂದು ಸಂಗನಬಸವ ಏನೋ ಹೇಳುತ್ತಿದ್ದ. ಅಮರಮ್ಮ ತಲೆ ಅಲ್ಲಾಡಿಸಿದರು. "ಇಲ್ಲಪಾ. ಆಡಿಬಿಟ್ಟೀನಿ." ಕೆಳಗಿಳಿದು, ಎಮ್ಮಿಯ ಹಣೆಯ ಸೇವಂತಿಗೆಯನ್ನು ಸುಮ್ಮನೆ ಸರಿಮಾಡಿದರು. ಆಮೇಲೆ, ಕೊನೆಯ ಸಲ ನೋಡುವವರಂತೆ, ಬಾನೆಟ್ ಎತ್ತಿದರು.

ಸುಕನ್ಯಾ ಮಗುವನ್ನೆತ್ತಿಕೊಂಡು ಪಕ್ಕದಲ್ಲಿ ನಿಂತಳು. ಇಂಜಿನ್ನಿನ ಹೊಟ್ಟೆಯಲ್ಲಿ ಯಾವುದು ಏನೆಂದು ಅವಳಿಗೆ ತಿಳಿಯದು. ಕರಿ ಪೈಪು, ಬಿಳಿ ಪೈಪು, ದಪ್ಪ ಡಬ್ಬಿ. ಆ ಡಬ್ಬಿಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಏನೋ ಬಿಗಿಯಾಗಿ ಕಟ್ಟಿತ್ತು. ಮಣ್ಣುಬಣ್ಣದ ಗಂಟು. ಅದರ ಅಂಚಿನಲ್ಲಿ, ಕಣ್ಣುಜ್ಜಿಕೊಂಡು ನೋಡಿದಳು, ಒಂದು ಹಳದಿ ಕೊಕ್ಕು.

"ದೊಡ್ಡತ್ತೇ! ನಮ್ಮ ಬಾತುಕೋಳಿ!"

"ಯಾವ ಬಾತು?"

"ಇಂಚರಾಳ ಬಟ್ಟೆ! ಮನೆಯೆಲ್ಲಾ ಹುಡುಕಿದೆ! ಇದು ಇಲ್ಲಿ ಹೇಗೆ ಬಂತು?"

ಅಮರಮ್ಮ ಬಟ್ಟೆಯನ್ನು ನೋಡಿದರು, ಸುಕನ್ಯಾಳನ್ನು ನೋಡಿದರು. ಕೈ ತಾನಾಗಿ ಹಣೆಗೆ ಹೋಯಿತು. "ಅಯ್ಯ ನನ್ನ ಶಿವನ! ಸುಗ್ಗಿ ಧೂಳು ಫಿಲ್ಟರಿಗೆ ಮುಟ್ಟಬಾರ್ದಂತ ವರ್ಷಾ ಒಂದ ಅರವಿ ಕಟ್ಟತಿದ್ದೆ. ಈ ಸಲ ಸೀಟಿನ ಮ್ಯಾಲ ಇದು ಮೆತ್ತಗ ಸಿಕ್ತು. ಛಲೋ ಅರವಿ, ಇನ್ನೂ ಛಲೋ ತಡೀಲಿ ಅಂತ ನಾಕು ಪದರ ಮಡಚಿ..."

"ಕಟ್ಟಿ ಮರೆತಿರಿ" ಎಂದಳು ಸುಕನ್ಯಾ.

"ದಿನಾ ಎಲ್ಲಾರ್ಗೂ ಉಸಿರು ಬಿಡಾಕ ಬಿಡ್ರಿ ಅಂತೀನಿ" ಎಂದರು ಅಮರಮ್ಮ, ಗಂಟು ಬಿಚ್ಚುತ್ತ. "ನಾನ ಮೂಗು ಹಿಡದೀನಿ ನೋಡು."

"ನಾ ದಪ್ಪ ಆಗಿದ್ದಿಲ್ಲ ಹಂಗಾದ್ರ" ಎಂದರು ಅಲ್ಲಾಭಕ್ಷ್ ಹಿಂದಿನಿಂದ.

ಪೆನ್ನು ಜೇಬಿಗಿಟ್ಟು ಏಳುತ್ತಿದ್ದ ಇನ್‌ಸ್ಪೆಕ್ಟರರ ಮುಂದೆ ಸುಕನ್ಯಾ ಹೋಗಿ ನಿಂತಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಧೂಳು ಮೆತ್ತಿದ ಬಟ್ಟೆ. ಆಫೀಸಿನವರೆದುರು ಸ್ವರವೇ ಏಳದಿದ್ದವಳು. "ಸರ್, ಒಂದೇ ಒಂದು ಸಲ. ಇಂಜಿನ್ ಮುಗಿದಿಲ್ಲ ಸರ್. ಬಾತುಕೋಳಿ ಅಡ್ಡ ಇತ್ತು."

ಇನ್‌ಸ್ಪೆಕ್ಟರರಿಗೆ ಅರ್ಥವಾಯಿತೋ ಇಲ್ಲವೋ, ಬಟ್ಟೆ ನೋಡಿ ನಗು ಬಂತು. ನಗುತ್ತಲೇ ಬಂದು ನಿಂತರು. ಅಮರಮ್ಮ ಕೂತು ಒತ್ತಿದರು. ಒಳಗೆ ಕೂತಿದ್ದ ಮಸಿ ಒಂದು ಉಗುಳಾಗಿ ಹೊರಬಿತ್ತು. ಮತ್ತೆ ಒತ್ತಿದರು. ಬೂದಿಬಣ್ಣ. ಮತ್ತೆ. ಈ ಸಲ ಹೊಗೆಯೇ ಇಲ್ಲ, ಬರೀ ಗುರ್ ಎನ್ನುವ ಸದ್ದು, ಹೊಟ್ಟೆ ತುಂಬಿದ ಎಮ್ಮೆಯದು. ಸಂಗನಬಸವ ಹೆದರಿ ದೂರ ನಿಂತಿದ್ದವನು ಹತ್ತಿರ ಬಂದ.

ಪೆನ್ನಿನ ಮುಚ್ಚಳ ತೆರೆಯಿತು.

"ಐದು ವರ್ಷ ಮೇಡಂ" ಎಂದರು ಇನ್‌ಸ್ಪೆಕ್ಟರು. "ಅರವಿ ಮಾತ್ರ ಕಟ್ಟಬ್ಯಾಡ್ರಿ."

ಅಮರಮ್ಮನ ಸಂಭ್ರಮಕ್ಕೆ ಮೇರೆಯಿರಲಿಲ್ಲ. ಸಂಜೆ ಮನೆಗೆ ಹೊರಟಾಗ ಮಸ್ಕಿಯ ಗುಡ್ಡ ಕಾಣುವ ಮೊದಲೇ ಎಸಿ ಹಾಕಿದರು. ಅಲ್ಲಾಭಕ್ಷ್ ಚಳಿಯೆಂದು ನಾಟಕ ಮಾಡಿ ಮಫ್ಲರ್ ಸುತ್ತಿಕೊಂಡರು. ಆ ಬಟ್ಟೆಯನ್ನು ತಾವೇ ಒಗೆದು ಕೊಡುವುದಾಗಿ ಅಮರಮ್ಮ ಹೇಳಿದಾಗ ಸುಕನ್ಯಾ, "ನೀವೇ ಇಟ್ಟುಕೊಳ್ಳಿ. ಎಣ್ಣೆ ನೋಡುವ ಕಡ್ಡಿ ಒರೆಸೋಕೆ. ಪೈಪಿನ ಹತ್ತಿರ ಮಾತ್ರ ಬೇಡ" ಎಂದಳು. ಹೇಳುವಾಗ ತನ್ನ ದನಿಯಲ್ಲೇ ದೊಡ್ಡತ್ತೆಯ ಗತ್ತು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಸಿಂಧನೂರಿನ ಓಣಿಯಲ್ಲಿ ನಿಂಗರಾಜ ಬಾಗಿಲಲ್ಲೇ ಕಾಯುತ್ತಿದ್ದರು. ಅವರನ್ನು ಕಂಡದ್ದೇ, ಅಮರಮ್ಮ ಬ್ರೇಕು ಹಾಕಿ, ಚಾವಿ ತಿರುಗಿಸಿ, ಬಾಗಿಲು ತೆರೆದು, "ಐದು ವರ್ಷ!" ಎಂದು ಕೂಗಿ ಒಂದು ಕಾಲು ಕೆಳಗಿಟ್ಟರು.

ಇಂಜಿನ್ ಸುಮ್ಮನಾಯಿತು. ಆ ನಿಶ್ಶಬ್ದಕ್ಕೆ ಇಂಚರಾಳಿಗೆ ಎಚ್ಚರವಾಯಿತು. ಮಗು ಸುತ್ತ ನೋಡಿತು, ತುಟಿ ಸೊಟ್ಟಗೆ ಮಾಡಿತು.

"ಗಚ್ಚಾ!" ಎಂದಿತು. ಯಾರೂ ಅಲುಗದ್ದನ್ನು ಕಂಡು ಸೀಟಿಗೆ ಗುದ್ದಿ ಇನ್ನೂ ಜೋರಾಗಿ, "ಗಚ್ಚಾ! ಗಚ್ಚಾ!"

ಅಮರಮ್ಮ ನಾಲಿಗೆ ಕಚ್ಚಿಕೊಂಡರು. ಕೆಳಗಿಟ್ಟಿದ್ದ ಕಾಲನ್ನು ಒಳಗೆ ತೆಗೆದುಕೊಂಡು, ಬಾಗಿಲು ಹಾಕಿ, ಮತ್ತೆ ಚಾಲೂ ಮಾಡಿದರು. ಎಮ್ಮಿ ಗುರುಗುಟ್ಟಿತು. ನಿಂಗರಾಜ ಬಾಗಿಲಲ್ಲಿ ನಿಂತೇ ಇದ್ದರು. ಒಳಗೆ ನಾಲ್ವರೂ ಕೈಮುಗಿದು ಕೂತರು. ಮೂರನೇ ಸಲದ ಸಂಘಂ ಸರಣಂ ಮುಗಿದು, ಅಲ್ಲಾಭಕ್ಷ್ ಆಮೀನ್ ಅಂದು, ಮಗು ತಲೆಯಾಡಿಸಿದ ಮೇಲೆಯೇ ಅಮರಮ್ಮ ಚಾವಿ ತಿರುಗಿಸಿದರು.